ರಿಪೋರ್ಟೆಲ್ಲ ನಾರ್ಮಲ್, ಅಕ್ಕನಿಗೆ ಮಾತ್ರ ನಿದ್ದೆ ಇಲ್ಲ

ನಮ್ಮ ಕಡೆ ಹೆಂಗಸರು "ನನ್ನ ಮನಸ್ಸಿಗೆ ಆಘಾತ ಆಗಿದೆ" ಅಂತ ಯಾವತ್ತೂ ಹೇಳುವುದಿಲ್ಲ. "ಎದಿ ಝಲ್ ಅಂತೈತಿ", "ತಲಿ ಗುಂ ಅಂತೈತಿ", "ಕೈಕಾಲು ಜೋಮು ಹಿಡೀತಾವ", "ಮೈಯಾಗ ಕಸುವಿಲ್ಲ", "ಬಿಳಿ ಹೋಗತೈತಿ", "ನರದ ವೀಕ್ನೆಸ್ ಐತ್ರೀ" ಅಂತಾರೆ. ಸಂತೆ ದಿನ ಹಾವೇರಿ ಜಿಲ್ಲೆಯ ಯಾವುದೇ ತಾಲೂಕು ಊರಿನಲ್ಲಿ ಒಂದು ಸಣ್ಣ ದವಾಖಾನೆ ಮುಂದೆ ಅರ್ಧ ತಾಸು ಕೂತು ನೋಡಿ. ಇಷ್ಟೂ ಮಾತು ಕಿವಿಗೆ ಬೀಳುತ್ತವೆ. ಒಳಗೆ ಒಂದು ಗ್ಲುಕೋಸ್ ಬಾಟಲಿ, ಒಂದು ಕೆಂಪು ಇಂಜೆಕ್ಷನ್, ಮೂರು ಬಣ್ಣದ ಗುಳಿಗೆ. ಎರಡು ದಿನ ಹಗುರ ಅನಿಸುತ್ತದೆ. ಮುಂದಿನ ಸಂತೆಗೆ ಮತ್ತೆ ಅದೇ ಬೆಂಚು.

ನಾನು ಒಂಬತ್ತು ವರ್ಷದಿಂದ ಸ್ಟ್ರಿಂಗರ್. ಅಪಘಾತ, ಮಳೆ, ಜಾತ್ರೆ, ಗ್ರಾಮಸಭೆ, ಕರೆಂಟು ಇಲ್ಲದ ಪಂಪ್‌ಸೆಟ್ಟು. ಸುದ್ದಿ ಬಂದಷ್ಟು ದುಡ್ಡು. ಆ ಬೆಂಚಿನ ಮೇಲೆ ಕೂತ ಹೆಂಗಸರನ್ನು ಸುದ್ದಿ ಅಂತ ಯಾರೂ ಕೇಳಿಲ್ಲ, ಡೆಸ್ಕಿನವರೂ ಕೇಳಿಲ್ಲ. ಈಗ ಬರೆಯುತ್ತಿರುವುದು ಅವರಲ್ಲಿ ಒಬ್ಬಳು ನಮ್ಮ ದೊಡ್ಡವ್ವನ ಮಗಳು ಅನ್ನುವ ಕಾರಣಕ್ಕೆ. ಅಕ್ಕನಿಗೆ ಇದನ್ನೆಲ್ಲ ಓದಿ ಹೇಳಿದ್ದೇನೆ. "ಹೆಸರು ಬ್ಯಾಡ, ಊರು ಬ್ಯಾಡ, ಉಳಿದದ್ದು ಹಾಕು" ಅಂದಿದ್ದಾಳೆ.

ಭಾವ ತೀರಿಕೊಂಡದ್ದು 2021ರ ನವೆಂಬರಿನಲ್ಲಿ. ಆ ತಿಂಗಳು ಸುರಿದ ಅಕಾಲಿಕ ಮಳೆ ನಿಮಗೂ ನೆನಪಿರಬೇಕು. ಮುರಿದು ಹಾಕಿದ್ದ ಗೋವಿನಜೋಳ ತೆನೆಯಲ್ಲೇ ಮೊಳಕೆ ಒಡೆದಿತ್ತು. ಸೊಸೈಟಿ ಸಾಲ ಒಂದಿಷ್ಟು, ಕೈಗಡ ಒಂದಿಷ್ಟು, ಅಕ್ಕನ ಹೆಸರಿನಲ್ಲಿ ಫೈನಾನ್ಸ್ ಸಂಘಗಳ ಸಾಲ ಮೂರು. ಮೊದಲು ನೋಡಿದವಳು ಅಕ್ಕನೇ. ಹೇಗೆ, ಏನು ಅನ್ನುವುದನ್ನು ಬರೆಯುವುದಿಲ್ಲ. ಆತ್ಮಹತ್ಯೆ ಸುದ್ದಿಯಲ್ಲಿ ವಿಧಾನ ವಿವರಿಸಬಾರದು ಅಂತ ಪ್ರೆಸ್ ಕೌನ್ಸಿಲ್ 2019ರಲ್ಲೇ ಹೇಳಿದೆ. ಹೇಳದಿದ್ದರೂ ಅಕ್ಕನ ವಿಷಯದಲ್ಲಿ ನನ್ನ ಕೈಯಿಂದ ಆಗುತ್ತಿರಲಿಲ್ಲ.

ಸುದ್ದಿ ಪೇಪರಿನಲ್ಲಿ ನಾಲ್ಕು ಸಾಲು ಬಂತು. ಹೆಸರು, ವಯಸ್ಸು, ಎಷ್ಟು ಎಕರೆ, ಎಷ್ಟು ಸಾಲ. ಕೊನೆಗೆ "ಪತ್ನಿ, ಇಬ್ಬರು ಮಕ್ಕಳಿದ್ದಾರೆ". ರೈತ ಆತ್ಮಹತ್ಯೆ ಸುದ್ದಿಯ ಅಚ್ಚೇ ಹಾಗಿದೆ, ನಮಗೆ ಮೊದಲು ಕಲಿಸುವುದೂ ಅದನ್ನೇ. ಆ "ಪತ್ನಿ"ಗೆ ಮುಂದೆ ಏನಾಗುತ್ತದೆ ಅನ್ನುವುದಕ್ಕೆ ಯಾವ ಪೇಪರಿನಲ್ಲೂ ಕಾಲಂ ಇಲ್ಲ. ಸರ್ಕಾರದ ಐದು ಲಕ್ಷ ಪರಿಹಾರ ಕೊಡುವ ದಿನ ಒಂದು ಫೋಟೊ ಬರುತ್ತದೆ, ಅಷ್ಟೇ. ಆ ಫೋಟೊದಲ್ಲಿ ಅಕ್ಕ ನಡುವೆ ನಿಂತಿದ್ದಾಳೆ. ಸೆರಗು ತಲೆ ಮೇಲಿದೆ, ಕಣ್ಣು ಎಲ್ಲೋ ಇದೆ.

ಮೊದಲ ಮೂರ್ನಾಲ್ಕು ತಿಂಗಳು ಅಕ್ಕ ಗಟ್ಟಿ ಇದ್ದಳು. ಅಂದರೆ ಎಲ್ಲರೂ ಹಾಗೆ ಹೇಳುತ್ತಿದ್ದರು. ತಹಶೀಲ್ದಾರ್ ಆಫೀಸು, ಬ್ಯಾಂಕು, ಪಹಣಿ, ಮರಣ ಪತ್ರ ಅಂತ ಓಡಾಡಿದಳು. ಅತ್ತದ್ದು ಕಡಿಮೆ. "ಭಾಳ ಧೈರ್ಯದಾಕಿ" ಅಂತ ಓಣಿಯಲ್ಲಿ ಹೆಸರಾಯಿತು. ಕೆಲವರು ಬೆನ್ನ ಹಿಂದೆ "ಗಂಡ ಸತ್ತರೂ ಕಣ್ಣಾಗ ನೀರಿಲ್ಲ ನೋಡು" ಅಂದರು. ಗಂಡ ಸತ್ತ ಹೆಂಗಸು ಅತ್ತರೂ ಮಾತು, ಅಳದಿದ್ದರೂ ಮಾತು.

ಆಮೇಲೆ ಶುರುವಾದದ್ದು ಮೈಯಲ್ಲಿ.

ಮನೆ ಮುಂದೆ ಬೈಕ್ ನಿಂತ ಸಪ್ಪಳ ಕೇಳಿದರೆ ಎದೆ ಹೊಡೆದುಕೊಳ್ಳುವುದು. ಸಾಲದ ಕಂತು ವಸೂಲಿಗೆ ಬರುತ್ತಿದ್ದ ಹುಡುಗರು ಬೈಕಿನಲ್ಲೇ ಬರುತ್ತಿದ್ದರು. ಹಾಲಿನವನ ಬೈಕ್ ಇರಲಿ, ಮಾವನ ಮಗನ ಬೈಕ್ ಇರಲಿ, ಅಕ್ಕನ ಕೈಯಲ್ಲಿದ್ದ ತಂಬಿಗೆ ನಡುಗುತ್ತಿತ್ತು. ರಾತ್ರಿ ಹತ್ತಕ್ಕೆ ಮಲಗಿದರೆ ಮೂರಕ್ಕೆ ಎಚ್ಚರ, ಮೈಯೆಲ್ಲ ಬೆವರು. ಹಿತ್ತಲ ಬಾಗಿಲು ದಾಟುವುದನ್ನೇ ಬಿಟ್ಟಳು. ಹಿತ್ತಲಿಗೆ ಹೋಗಬೇಕಾದರೆ ಮುಂದಿನ ಬಾಗಿಲಿನಿಂದ ಹೊರಟು, ಸಂದಿ ಸುತ್ತಿ ಹೋಗುತ್ತಿದ್ದಳು. ಮನೆಯವರು ಇದನ್ನು ತಿಂಗಳುಗಟ್ಟಲೆ ಗಮನಿಸಲೇ ಇಲ್ಲ. ಮುಟ್ಟು ಎರಡು ತಿಂಗಳು ನಿಂತಿತು, ಆಮೇಲೆ ಬಂದಾಗ ಹನ್ನೆರಡು ದಿನ ಹೋಯಿತು. ಬಿಳಿ ಸೆರಗು. ಕುತ್ತಿಗೆ, ಬೆನ್ನು ನೋವು. ಕೈಬೆರಳು ಜುಮು ಜುಮು. ಹೊಟ್ಟೆಯಲ್ಲಿ ಉರಿ. ಮಕ್ಕಳ ಮೇಲೆ ಸುಮ್ಮಸುಮ್ಮನೆ ಕೂಗಾಡುವುದು, ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಅಳುವುದು. ಇವೆಲ್ಲ ಒಂದೇ ಬೇರಿನಿಂದ ಬಂದಿರಬಹುದು ಅಂತ ಯಾರಿಗೆ ಅನಿಸಬೇಕು? ಎದೆಗೆ ಒಬ್ಬ ಡಾಕ್ಟರು, ಹೊಟ್ಟೆಗೆ ಒಬ್ಬ ಡಾಕ್ಟರು, ಮುಟ್ಟಿಗೆ ಒಬ್ಬ ಡಾಕ್ಟರು.

ಎರಡು ವರ್ಷದಲ್ಲಿ ಇಸಿಜಿ ಮೂರು ಸಲ, ಥೈರಾಯ್ಡ್ ಎರಡು ಸಲ, ಹೊಟ್ಟೆ ಸ್ಕ್ಯಾನಿಂಗ್ ನಾಲ್ಕು ಸಲ. ಎಲ್ಲ ನಾರ್ಮಲ್. ರಕ್ತ ಮಾತ್ರ ಸ್ವಲ್ಪ ಕಡಿಮೆ ಇತ್ತು, ಅದಕ್ಕೆ ಗುಳಿಗೆ ಕೊಟ್ಟರು. "ಏನೂ ಇಲ್ಲಮ್ಮ, ನಿನ್ನ ತಲೆಯಲ್ಲಿದೆ ಎಲ್ಲಾ" ಅಂತ ಒಬ್ಬರು ನಕ್ಕರಂತೆ. ಆ ಮಾತು ಅಕ್ಕನಿಗೆ ಚಾಟಿ ಏಟಿನ ಹಾಗೆ ತಗುಲಿತ್ತು. "ತಂಗೀ, ನಾ ಸುಳ್ಳು ಹೇಳಾಕತ್ತೀನೇನು? ಎದಿ ಹೊಡಕೊಳ್ಳೂದು ನನಗ ಕೇಳಸತೈತಿ, ಅವರಿಗ್ಯಾಕ ಕೇಳಸವಲ್ದು?" ಅಂತ ನನ್ನನ್ನು ಕೇಳಿದಳು.

ಅಕ್ಕ ಸುಳ್ಳು ಹೇಳುತ್ತಿರಲಿಲ್ಲ. ಇಸಿಜಿಯೂ ಸುಳ್ಳು ಹೇಳುತ್ತಿರಲಿಲ್ಲ.

ಇದು ನನಗೆ ಅರ್ಥವಾದದ್ದು ಆಮೇಲೆ, ಜಿಲ್ಲಾ ಮಾನಸಿಕ ಆರೋಗ್ಯ ತಂಡದವರ ಜೊತೆ ಕೂತು ಕೇಳಿದಾಗ. ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಸಂಜೆ ಬದುವಿನ ಮೇಲೆ ನಡೆದು ಬರುವಾಗ ಕಾಲ ಹತ್ತಿರ ಹಾವು ಹರಿಯಿತು ಅಂದುಕೊಳ್ಳಿ. ಯೋಚನೆ ಮಾಡುವ ಮೊದಲೇ ಎದೆ ಡಬಡಬ ಅನ್ನುತ್ತದೆ, ಬಾಯಿ ಒಣಗುತ್ತದೆ, ಉಸಿರು ಏರುತ್ತದೆ, ಕಾಲು ಓಡಲು ಸಿದ್ಧವಾಗುತ್ತದೆ. ಮಿದುಳು ಗಂಟೆ ಬಾರಿಸಿದ ಕೂಡಲೇ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ರಸಗಳು ರಕ್ತಕ್ಕೆ ಸೇರುತ್ತವೆ. ನಮ್ಮ ಜೀವ ಉಳಿಸಲು ಇರುವ ಏರ್ಪಾಡು ಇದು. ಹಾವು ಹೋಯಿತು ಅಂದರೆ ಅರ್ಧ ತಾಸಿನಲ್ಲಿ ಎಲ್ಲ ತಣ್ಣಗಾಗುತ್ತದೆ. ಆದರೆ ತೀರಾ ಭಯಂಕರವಾದದ್ದನ್ನು ಕಂಡವರಿಗೆ, ಅನುಭವಿಸಿದವರಿಗೆ, ಕೆಲವೊಮ್ಮೆ ಆ ಗಂಟೆ ನಿಲ್ಲುವುದೇ ಇಲ್ಲ. ಹಾವು ಹೋಗಿ ಎರಡು ವರ್ಷವಾದರೂ ಮೈ ಮಾತ್ರ ಬದುವಿನ ಮೇಲೇ ನಿಂತಿರುತ್ತದೆ.

ಉಸಿರು ಬೇಗಬೇಗ ಓಡಿದರೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜುಮ್ಮೆನ್ನುತ್ತವೆ. ಆ "ನರದ ವೀಕ್ನೆಸ್" ಎಷ್ಟೋ ಸಲ ಇದೇ. ಸ್ನಾಯು ಬಿಗಿ ಹಿಡಿದೇ ಇದ್ದರೆ ಕುತ್ತಿಗೆ, ಬೆನ್ನು ನೋಯದೆ ಏನು ಮಾಡುತ್ತವೆ? ಇನ್ನು ಮುಟ್ಟು. ಮುಟ್ಟಿನ ತಾರೀಖು ನಡೆಸುವ ಸೂಚನೆ ಹೊರಡುವುದು ಗರ್ಭಕೋಶದಿಂದಲ್ಲ, ಮಿದುಳಿನಿಂದ. ಭಯದ ಗಂಟೆಗೆ ಓಗೊಡುವುದೂ ಮಿದುಳಿನ ಅದೇ ಭಾಗ. ಒಂದು ಕೆಟ್ಟರೆ ಇನ್ನೊಂದು ಕೆಡುತ್ತದೆ.

ಬಿಳಿ ಸೆರಗಿನ ಬಗ್ಗೆ ನಮ್ಮ ಪಕ್ಕದ ಗೋವಾದಲ್ಲೇ ಡಾ. ವಿಕ್ರಮ್ ಪಟೇಲ್ ಮತ್ತವರ ತಂಡ ಸುಮಾರು ಎರಡೂವರೆ ಸಾವಿರ ಹೆಂಗಸರನ್ನು ಮಾತಾಡಿಸಿ, ಪರೀಕ್ಷೆ ಮಾಡಿ ನೋಡಿದರು. 2005ರಲ್ಲಿ ಅದು ಪ್ರಕಟವಾಯಿತು. ಬಿಳಿ ಹೋಗುತ್ತದೆ ಅಂದವರಲ್ಲಿ ಸೋಂಕಿಗಿಂತ ಹೆಚ್ಚಾಗಿ ಕಂಡದ್ದು ಮನಸ್ಸಿನ ಸಂಕಟ. ಹಾಗಂತ ಎಲ್ಲ ಬಿಳಿ ಸೆರಗೂ ಮನಸ್ಸಿನದು ಅಂತಲ್ಲ. ವಾಸನೆ, ತುರಿಕೆ, ಕಿಬ್ಬೊಟ್ಟೆ ನೋವು ಇದ್ದರೆ ಪರೀಕ್ಷೆ ಆಗಲೇಬೇಕು. ರಕ್ತ, ಥೈರಾಯ್ಡ್, ಶುಗರ್ ಕೂಡ ಮೊದಲು ನೋಡಬೇಕು. ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ ಇದೆ. ಅದರಿಂದಲೂ ಎದೆ ಹೊಡೆದುಕೊಳ್ಳುತ್ತದೆ, ಸುಸ್ತಾಗುತ್ತದೆ. ಆದರೆ ಎಲ್ಲ ನೋಡಿ ನಾರ್ಮಲ್ ಅಂದ ಮೇಲೆ "ಮನೆಗೆ ಹೋಗು" ಅನ್ನುವುದಲ್ಲ, "ನಿನಗೇನಾಯ್ತವ್ವಾ?" ಅಂತ ಕೇಳಬೇಕು. ಎರಡು ವರ್ಷದಲ್ಲಿ ಅಕ್ಕನ ಗಂಡ ಹೇಗೆ ಹೋದ ಅಂತ ಕೇಳಿದ ಡಾಕ್ಟರು ಒಬ್ಬರೂ ಇರಲಿಲ್ಲ.

ಕೇಳಿದವರು ಒಬ್ಬರಿದ್ದರು, ಪೂಜಾರಿ. ಅತ್ತೆ ಅಮಾವಾಸ್ಯೆಗೆ ಕರೆದುಕೊಂಡು ಹೋಗಿದ್ದಳು, ಗಾಳಿ ಸೋಕಿದೆ ಅಂತ. ಆ ಪೂಜಾರಿ ಅಕ್ಕನನ್ನು ಕೂರಿಸಿ, ಯಾವಾಗಿನಿಂದ, ಮೊದಲು ಏನಾಗಿತ್ತು, ಮನೆಯಲ್ಲಿ ಯಾರು ಏನಂದರು ಅಂತ ಕಾಲು ತಾಸು ಕೇಳಿದನಂತೆ. ಅಕ್ಕ ಅಲ್ಲಿ ಗಟ್ಟಿಯಾಗಿ ಅತ್ತಳು. ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡಿದಳು. ನಾನು ದೇವರ ಕಟ್ಟೆಗೆ ಹೋಗುವವರನ್ನು ನಗುವವಳಲ್ಲ. ಅಲ್ಲಿ ಹೆಂಗಸಿಗೆ ಬಾಯಿ ತೆರೆದು ಅಳಲು ಜಾಗ ಇದೆ. ಆದರೆ ದಾರ ಕಟ್ಟಿಸಿಕೊಂಡ ಐದನೇ ದಿನ ಮತ್ತೆ ಬೈಕ್ ಸಪ್ಪಳ, ಮತ್ತೆ ಮೂರು ಗಂಟೆಯ ಬೆವರು. ಕೆಲವು ಕಡೆ ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದೂ ಇದೆ. ಅದನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ.

ಅಕ್ಕನ ವಿಷಯದಲ್ಲಿ ನನಗೆ ನಿಜವಾಗಿ ಹೆದರಿಕೆ ಆದದ್ದು ಪೂಜಾರಿಯಿಂದಲ್ಲ. ಒಂದು ಖಾಸಗಿ ಆಸ್ಪತ್ರೆಯಲ್ಲಿ "ಮಕ್ಕಳು ಆಗಿವೆ, ಗಂಡನೂ ಇಲ್ಲ, ಗರ್ಭಚೀಲ ತೆಗೆಸಿಬಿಡು, ಎಲ್ಲಾ ಆರಾಮ ಆಗುತ್ತೆ" ಅಂದಿದ್ದರು. ಆಗ ಅಕ್ಕನಿಗೆ 36. ದುಡ್ಡು ಎಷ್ಟು ಅಂತ ಚೀಟಿಯಲ್ಲಿ ಬರೆದೂ ಕೊಟ್ಟಿದ್ದರು. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಇಲ್ಲ, ಹುಣ್ಣು ಇಲ್ಲ, ಏನೂ ಇಲ್ಲ. ಗಂಡನಿಲ್ಲ ಅನ್ನುವುದು ಯಾವ ಕಾಯಿಲೆಯ ಲಕ್ಷಣ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಂಡಾಶಯವನ್ನೂ ತೆಗೆದರೆ ಆ ವಯಸ್ಸಿಗೇ ಮುಟ್ಟು ನಿಂತವರ ತೊಂದರೆಗಳೆಲ್ಲ ಒಮ್ಮೆಲೇ ಬರುತ್ತವೆ, ಮೂಳೆ ಸವೆಯುತ್ತದೆ. ಎದೆಬಡಿತ, ನಿದ್ದೆ ಇಲ್ಲದಿರುವುದು, ಬೆವರು ಇನ್ನೂ ಹೆಚ್ಚಾಗಬಹುದು. ಬೇಕಿಲ್ಲದ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಎಲ್ಲ ರಾಜ್ಯಗಳೂ ಪಾಲಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ನಿಮಗೆ ಯಾರಾದರೂ ಹೀಗೆ ಹೇಳಿದರೆ ಅವತ್ತೇ ಹೂಂ ಅನ್ನಬೇಡಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಡಾಕ್ಟರಿಗೆ ರಿಪೋರ್ಟು ತೋರಿಸಿ ಇನ್ನೊಂದು ಮಾತು ಕೇಳಿ. ರಕ್ತಸ್ರಾವ ತೀರಾ ಹೆಚ್ಚಿದ್ದರೆ ಬೇರೆ ಮಾತು, ಆಗ ತಡ ಮಾಡದೆ ತೋರಿಸಬೇಕು.

ದಾರಿ ಸಿಕ್ಕಿದ್ದು ಆಶಾ ಅಕ್ಕನಿಂದ. ನನ್ನ ಡಿಪ್ಲೊಮಾದಿಂದಲೂ ಅಲ್ಲ, ನನ್ನ ಪ್ರೆಸ್ ಕಾರ್ಡಿನಿಂದಲೂ ಅಲ್ಲ. ಬಿಪಿ ನೋಡಲು ಮನೆಗೆ ಬಂದಿದ್ದ ಆಕೆ ಎರಡು ಪ್ರಶ್ನೆ ಕೇಳಿದಳು. ಹೋದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಮನಸ್ಸೇ ಇಲ್ಲ ಅನಿಸಿದೆಯಾ? ಬೇಜಾರು, ಇನ್ನು ಏನೂ ಉಳಿದಿಲ್ಲ ಅನಿಸಿದೆಯಾ? ಅಕ್ಕ ಉತ್ತರ ಕೊಡಲಿಲ್ಲ, ಕಣ್ಣೊರೆಸಿಕೊಂಡಳು. ಆಶಾ ಅಕ್ಕ ಮೂರನೇ ಪ್ರಶ್ನೆ ಕೇಳಿದಳು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ. ಜೀವ ಬೇಡ ಅನಿಸಿದೆಯಾ? ಹಾಗೆ ಕೇಳಿದರೆ ಆ ವಿಚಾರ ತಲೆಯಲ್ಲಿ ಹಾಕಿದಂತೆ ಅಂತ ನಾವೆಲ್ಲ ಹೆದರುತ್ತೇವೆ. ಹಾಗಿಲ್ಲವಂತೆ. ಕೇಳಿದರೆ ಹೊರೆ ಇಳಿಯುತ್ತದೆ. ಅಕ್ಕ ಮೊದಲ ಸಲ ಹೌದು ಅಂದದ್ದು ಆಕೆಯ ಮುಂದೆ.

"ಮಂಗಳವಾರ ತಾಲೂಕು ದವಾಖಾನಿಗೆ ಬರ್ರಿ, ನಾನೂ ಬರ್ತೀನಿ" ಅಂದಳು ಆಶಾ ಅಕ್ಕ.

ಇಲ್ಲಿ ಒಂದು ಮಾತು. ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಗುತ್ತೇವೆ. ಧಾರವಾಡದಲ್ಲಿ ಮಾನಸಿಕ ಆಸ್ಪತ್ರೆ ಇದೆ ಅನ್ನುವ ಕಾರಣಕ್ಕೆ ಒಂದು ಊರಿನ ಹೆಸರೇ ಬೈಗುಳವಾಗಿದೆ. ಈಗ ಅದು ಡಿಮ್ಹಾನ್ಸ್, ಡಾಕ್ಟರುಗಳನ್ನು ತಯಾರು ಮಾಡುವ ಸಂಸ್ಥೆ. ಆದರೂ ಬೈಗುಳ ಹಳೆಯದೇ. ಅತ್ತೆಗೆ "ತಲಿ ಡಾಕ್ಟರು" ಅಂದಿದ್ದರೆ ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಅಕ್ಕ "ನಿದ್ದಿ ಗುಳಿಗಿ ತರಾಕ ಹೊಂಟೀನಿ" ಅಂದಳು. ಅದು ಸುಳ್ಳೂ ಅಲ್ಲ.

ಮಂಗಳವಾರದ ಕಾರ್ಯಕ್ರಮಕ್ಕೆ ಮನೋಚೈತನ್ಯ ಅಂತ ಹೆಸರು. ಜಿಲ್ಲೆಯ ಮನೋವೈದ್ಯರ ತಂಡ ಗೊತ್ತಾದ ಮಂಗಳವಾರ ತಾಲೂಕು ಆಸ್ಪತ್ರೆಗೆ ಬಂದು ಕೂರುತ್ತದೆ. ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ಇಡೀ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರು ಅಲ್ಲಿ ಮಾಡಿದ ಪ್ರಯೋಗದಿಂದ. ನಮ್ಮೂರಿನ ಎಷ್ಟು ಜನಕ್ಕೆ ಇದು ಗೊತ್ತು?

ನಾವು ಹೋದದ್ದು 2024ರ ಶುರುವಿನಲ್ಲಿ. ಸಾಲಿನಲ್ಲಿ ಬಹುಪಾಲು ಹೆಂಗಸರೇ. ಒಬ್ಬರಿಗೂ ತಲೆ ಕೆಟ್ಟಂತೆ ಕಾಣಲಿಲ್ಲ. ಒಬ್ಬಾಕೆ ಮಗುವಿಗೆ ಹಾಲು ಕುಡಿಸುತ್ತಿದ್ದಳು, ಇನ್ನೊಬ್ಬಾಕೆ ಕಾಯಿಪಲ್ಲೆ ಚೀಲ ಹಿಡಿದು ನಿಂತಿದ್ದಳು. ಅಕ್ಕ ಮೂಗಿನವರೆಗೂ ಸೆರಗು ಎಳೆದುಕೊಂಡಿದ್ದಳು. ಡಾಕ್ಟರು ಹತ್ತು ನಿಮಿಷ ಮಾತಾಡಿಸಿದರು, ಬಳಿಕ ಆಪ್ತಸಮಾಲೋಚಕಿ ಮುಕ್ಕಾಲು ತಾಸು. ಆ ಹಿತ್ತಲ ಬಾಗಿಲಿನ ವಿಷಯ ಹೊರಬಂದದ್ದು ಅಲ್ಲೇ. ಹೊರಗೆ ಬಂದ ಅಕ್ಕ ಹೇಳಿದ ಮೊದಲ ಮಾತು: "ಇದಕ್ಕ ಹೆಸರು ಐತಂತ. ನನ್ನಂಗ ಭಾಳ ಮಂದಿಗೆ ಆಗತೈತಂತ."

ಹೆಸರು ಇದೆ. ಆಘಾತದ ನಂತರದ ಒತ್ತಡದ ಕಾಯಿಲೆ, ಇಂಗ್ಲಿಷಿನಲ್ಲಿ ಪಿಟಿಎಸ್‌ಡಿ. ಘಟನೆ ಕಣ್ಣ ಮುಂದೆ ಮತ್ತೆ ಮತ್ತೆ ಬರುವುದು, ನೆನಪಿಸುವ ಜಾಗದಿಂದ ತಪ್ಪಿಸಿಕೊಳ್ಳುವುದು, ಸಣ್ಣ ಸಪ್ಪಳಕ್ಕೂ ಬೆಚ್ಚುವುದು, ಯಾರ ಮೇಲೂ ಏನೂ ಅನಿಸದ ಹಾಗೆ ಮರಗಟ್ಟುವುದು, ಇವು ಒಂದು ತಿಂಗಳಿಗಿಂತ ಹೆಚ್ಚು ಉಳಿದರೆ ಅನುಮಾನ ಪಡಬೇಕು. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಎರಡು ಪಟ್ಟು ಹೆಚ್ಚು. ಅಕ್ಕನಿಗೆ ಇದರ ಜೊತೆ ಖಿನ್ನತೆಯೂ ಇತ್ತು.

ಗುಳಿಗೆ ಉಚಿತವಾಗಿ ಕೊಟ್ಟರು. ಮೊದಲ ವಾರ ಹೊಟ್ಟೆ ತೊಳಸಿತು, ಐದನೇ ದಿನಕ್ಕೆ ಅಕ್ಕ ಬಿಟ್ಟಳು. ಕೇಳಿದರೆ "ಇದು ಚಟ ಆಗತೈತಂತ, ಜೀವನಪೂರ್ತಿ ತಗೋಬೇಕಂತ" ಅಂತ ಓಣಿಯಲ್ಲಿ ಯಾರೋ ಹೇಳಿದ್ದರು. ಡಾಕ್ಟರು ಹೇಳಿದ್ದು ಬೇರೆ. ಈ ಗುಳಿಗೆ ಚಟ ಹಿಡಿಸುವುದಲ್ಲ, ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಆರು ವಾರ, ಆರಾಮ ಅನಿಸಿದ ಮೇಲೂ ತಿಂಗಳುಗಟ್ಟಲೆ ತಗೊಂಡು ಡಾಕ್ಟರು ಹೇಳಿದಂತೆ ನಿಧಾನಕ್ಕೆ ಇಳಿಸಬೇಕು, ಒಮ್ಮೆಲೇ ಬಿಡಬಾರದು. ಮತ್ತೆ ಶುರು ಮಾಡಿದಳು. ಐದನೇ ವಾರ ಒಂದು ದಿನ ಬೆಳಗ್ಗೆ ಆರರವರೆಗೆ ಮಲಗಿದ್ದಳಂತೆ. ಮಗ ಹೆದರಿ ಎಬ್ಬಿಸಿದನಂತೆ.

ಸಮಾಲೋಚಕಿ "ನಿನಗೆ ಯಾವ ಹೊತ್ತಿನಲ್ಲಿ ಸ್ವಲ್ಪ ಸಮಾಧಾನ?" ಅಂತ ಕೇಳಿದಾಗ ಅಕ್ಕ "ರೊಟ್ಟಿ ಬಡಿಯೂವಾಗ" ಅಂದಿದ್ದಳು. ಆಕೆ ಅದನ್ನೇ ಹಿಡಿದಳು. ರೊಟ್ಟಿ ಬಡಿಯುವ ತಾಳಕ್ಕೆ ಉಸಿರು ತೆಗೆದುಕೊಳ್ಳುವುದು, ಬಿಡುವಾಗ ಇನ್ನೂ ನಿಧಾನ. ಎದೆ ಹೊಡೆದುಕೊಂಡಾಗ ಎರಡೂ ಪಾದ ನೆಲಕ್ಕೆ ಊರಿ, ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳುವುದು. ಕೊಡ, ಕಂದೀಲು, ಮರ, ಒಲೆ, ಬೆಕ್ಕು. ಕೇಳಿದಾಗ ನನಗೆ ಮಕ್ಕಳಾಟ ಅನಿಸಿತ್ತು. ಮೈಗೆ "ಇದು ಇವತ್ತು, ಅವತ್ತಲ್ಲ" ಅಂತ ತಿಳಿಸುವ ಉಪಾಯವಂತೆ. ಅಕ್ಕನಿಗೆ ಅದು ಗುಳಿಗೆಯಷ್ಟೇ ಹಿಡಿಸಿತು. ಹಿತ್ತಲ ಬಾಗಿಲನ್ನೂ ಹಂತಹಂತವಾಗಿ ತೆಗೆಸಿದರು. ಮೊದಲು ಬಾಗಿಲ ಹತ್ತಿರ ಕೂರುವುದು, ಆಮೇಲೆ ತೆರೆಯುವುದು, ಆಮೇಲೆ ಮಗಳ ಕೈ ಹಿಡಿದು ಹೊಸ್ತಿಲು ದಾಟುವುದು. ಇಲ್ಲಿಗೆ ಬರಲು ಎಂಟು ತಿಂಗಳು. ಈಗಲೂ ಕತ್ತಲಾದ ಮೇಲೆ ದಾಟುವುದಿಲ್ಲ.

ಅಷ್ಟು ಸಲ ತಾಲೂಕಿಗೆ ಹೋಗಲು ಆದದ್ದು ಬಸ್ಸು ಫ್ರೀ ಇದ್ದದ್ದರಿಂದ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರದಿದ್ದರೆ ಪ್ರತಿ ಸಲ ಅತ್ತೆಯ ಹತ್ತಿರವೋ ಮೈದುನನ ಹತ್ತಿರವೋ ಬಸ್ ಚಾರ್ಜಿಗೆ ಕೈಚಾಚಬೇಕಿತ್ತು, ಎಲ್ಲಿಗೆ, ಯಾಕೆ ಅಂತ ಹೇಳಬೇಕಿತ್ತು. ಆ ಯೋಜನೆಯ ಲಾಭನಷ್ಟದ ಬಗ್ಗೆ ಏನೇ ಚರ್ಚೆ ಇರಲಿ, ದವಾಖಾನೆಯ ಶಕ್ತಿ ಇಂಜೆಕ್ಷನ್ನಿಗಿಂತ ಶಕ್ತಿ ಬಸ್ಸೇ ಅಕ್ಕನಿಗೆ ಹೆಚ್ಚು ಉಪಕಾರ ಮಾಡಿತು ಅನ್ನುವುದು ನನ್ನ ಲೆಕ್ಕ.

ಗುಳಿಗೆ ಎಲ್ಲವನ್ನೂ ಮಾಡುವುದಿಲ್ಲ. ಅಕ್ಕನಿಗೆ ಆದದ್ದು ಒಂದು ದಿನದ ಆಘಾತ ಅಲ್ಲ. ಆಮೇಲೆ ದಿನಾ ಆಗುತ್ತಲೇ ಇತ್ತು. ಕಂತಿನ ಹುಡುಗರು ಬಾಗಿಲಲ್ಲಿ ಕೂತು ಕೂಗುತ್ತಿದ್ದರು. ಪರಿಹಾರದ ದುಡ್ಡು ಬಂದ ಮೇಲೆ ಮೈದುನನ ದನಿ ಬದಲಾಯಿತು. ಗಂಡನನ್ನು ಉಳಿಸಿಕೊಳ್ಳಲಾಗದವಳು ಅನ್ನುವ ಮಾತು ಮದುವೆ ಮನೆಯಲ್ಲೂ ಬಂತು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಬೆದರಿಸಿ, ಮನೆ ಮುಂದೆ ಗಲಾಟೆ ಮಾಡಿ ವಸೂಲಿ ಮಾಡಿದರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದರ ಸುದ್ದಿಯನ್ನು ನಾನು ಅಕ್ಕನಿಗೆ ಓದಿ ಹೇಳಿದೆ. ಸಂಘದ ಹೆಂಗಸರು ಸೇರಿ ಠಾಣೆಯಲ್ಲಿ ಅರ್ಜಿ ಕೊಟ್ಟರು. ಬೈಕ್ ಬರುವುದು ನಿಂತಿತು. ಸಾಲ ಇದೆ, ಕಂತು ಕಟ್ಟುತ್ತಿದ್ದಾಳೆ, ಆದರೆ ಬಾಗಿಲಲ್ಲಿ ಯಾರೂ ಕೂಗುತ್ತಿಲ್ಲ. ಅವತ್ತಿನಿಂದ ಆದ ಗುಣ ಯಾವ ಗುಳಿಗೆಯಿಂದಲೂ ಆಗಿರಲಿಲ್ಲ. ಜಮೀನಿನ ಪಾಲಿನ ವಿಷಯಕ್ಕೆ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಿಂದ ವಕೀಲರು ಸಿಕ್ಕರು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಈ ಸೇವೆ ಉಚಿತ, ಫೋನ್ ನಂಬರ್ 15100.

ಅದೇ ಮಂಗಳವಾರದ ಸಾಲಿನಲ್ಲಿ ಒಬ್ಬ ಹುಡುಗಿಯ ಕಿವಿಗೆ ಪಟ್ಟಿ ಇತ್ತು. "ಬಚ್ಚಲದಾಗ ಬಿದ್ದೆ" ಅಂದಳು. ಸಾಲಿನಲ್ಲಿದ್ದ ಯಾರೂ ನಂಬಲಿಲ್ಲ, ಯಾರೂ ಮತ್ತೆ ಕೇಳಲೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದಲ್ಲೇ ಎಲ್ಲಕ್ಕಿಂತ ಹೆಚ್ಚು. ಇಂಥ ಮನೆಯಲ್ಲಿರುವವಳ ಎದೆ ಹೊಡೆದುಕೊಂಡರೆ ಆ ಗಂಟೆ ಕೆಟ್ಟಿಲ್ಲ, ಸರಿಯಾಗೇ ಬಾರಿಸುತ್ತಿದೆ. ಹಾವು ಇನ್ನೂ ಮನೆಯೊಳಗೇ ಇದೆ. ಅವಳಿಗೆ ನಿದ್ದೆ ಗುಳಿಗೆ ಕೊಟ್ಟು ಅದೇ ಮನೆಗೆ ಕಳಿಸುವುದು ಚಿಕಿತ್ಸೆ ಅಲ್ಲ. ಆಗ ಬೇಕಾದದ್ದು 181, ಮಹಿಳಾ ಸಹಾಯವಾಣಿ. ಹೊಡೆತ ನಡೆಯುತ್ತಿದ್ದರೆ 112. ಜಿಲ್ಲಾ ಕೇಂದ್ರದಲ್ಲಿ ಸಖಿ ಕೇಂದ್ರ ಇದೆ. ಅಲ್ಲಿ ಕೆಲವು ದಿನ ಉಳಿಯಲು ಜಾಗ, ಡಾಕ್ಟರು, ಪೊಲೀಸ್, ವಕೀಲರು, ಸಮಾಲೋಚನೆ ಎಲ್ಲ ಒಂದೇ ಕಡೆ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರಿಂದ ಇದೆ. ತಾಲೂಕಿನ ಸಿಡಿಪಿಒ ಅವರೇ ಅದರ ರಕ್ಷಣಾಧಿಕಾರಿ. ಅಂಗನವಾಡಿ ಟೀಚರ್ ಮೂಲಕವೂ ಅವರನ್ನು ಮುಟ್ಟಬಹುದು.

ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಯಾವ ಆಸ್ಪತ್ರೆಯೂ ತೆರೆದಿರುವುದಿಲ್ಲ, ಯಾವ ತಂಗಿಯೂ ಫೋನ್ ಎತ್ತುವುದಿಲ್ಲ. ಆ ಹೊತ್ತಿಗೆ ಟೆಲಿ ಮಾನಸ್, ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಅಕ್ಕ ಮೂರು ಸಲ ಮಾಡಿದ್ದಾಳೆ, ಕೌದಿ ಮುಸುಕು ಹಾಕಿಕೊಂಡು, ಪಿಸುಮಾತಿನಲ್ಲಿ. ಒಂದು ಸಲ ಬರೀ ಅತ್ತಳಂತೆ. ಆ ಕಡೆಯವರು ಫೋನ್ ಇಡದೆ ಕಾದರಂತೆ.

ಇನ್ನು ಮನೆಯವರು, ಓಣಿಯವರು. "ಮರೆತುಬಿಡು", "ಮಕ್ಕಳ ಮುಖ ನೋಡಿ ಗಟ್ಟಿಯಾಗು", "ನಿನಗಿಂತ ಕಷ್ಟದಲ್ಲಿರೋರು ಎಷ್ಟು ಮಂದಿ ಇಲ್ಲ" ಅನ್ನುವ ಮಾತುಗಳನ್ನು ದಯವಿಟ್ಟು ಕಟ್ಟಿಡಿ. ಅಕ್ಕನಿಗೆ ಹಿತವೆನಿಸಿದ್ದು ಎದುರು ಮನೆಯ ಮುದುಕಿ. ಆಕೆ ಏನೂ ಹೇಳುತ್ತಿರಲಿಲ್ಲ. ಮಧ್ಯಾಹ್ನ ಬಂದು ಕಟ್ಟೆ ಮೇಲೆ ಕೂತು ಜೊತೆಗೆ ಕಾಳು ಹಸನು ಮಾಡುತ್ತಿದ್ದಳು. ಉದ್ಯೋಗ ಖಾತ್ರಿ ಕೆಲಸದಲ್ಲಿ ಮಣ್ಣು ಹೊರುವಾಗ ಹೆಂಗಸರು ಆಡಿದ ಮಾತು, ನಕ್ಕ ನಗು, ಅದೂ ಔಷಧಿಯೇ ಆಯಿತು ಅಂತಾಳೆ. ಇನ್ನೊಬ್ಬ ರೈತನ ಹೆಂಡತಿ, ಅಕ್ಕನ ಹಾಗೇ ಗಂಡನನ್ನು ಕಳೆದುಕೊಂಡವಳು, ಆ ಕೆಲಸದಲ್ಲೇ ಸಿಕ್ಕಳು. ಅವರಿಬ್ಬರೂ ಏನು ಮಾತಾಡುತ್ತಾರೋ ನನಗೆ ಹೇಳುವುದಿಲ್ಲ. ನಾನೂ ಕೇಳಿಲ್ಲ.

ಮುಟ್ಟು ಈಗ ಹೆಚ್ಚುಕಡಿಮೆ ತಿಂಗಳಿಗೆ ಸರಿಯಾಗಿ ಬರುತ್ತಿದೆ. ಗರ್ಭಚೀಲ ಅದರ ಜಾಗದಲ್ಲೇ ಇದೆ. ನವೆಂಬರ್ ಹತ್ತಿರ ಬಂದರೆ ನಿದ್ದೆ ಮತ್ತೆ ಕೆಡುತ್ತದೆ, ಮಳೆ ಬಂದರಂತೂ ಇನ್ನೂ ಹೆಚ್ಚು. ಗುಳಿಗೆಯ ಪ್ರಮಾಣ ಅರ್ಧಕ್ಕಿಳಿದಿದೆ. ಆಸ್ಪತ್ರೆಗೆ ಈಗ ಎರಡು ತಿಂಗಳಿಗೊಮ್ಮೆ. ಕಳೆದ ಸಲ ಆ ಇನ್ನೊಬ್ಬಾಕೆಯನ್ನೂ ಕರೆದುಕೊಂಡು ಹೋಗಿದ್ದಳು, ಆಶಾ ಅಕ್ಕ ಇಲ್ಲದೆ, ನಾನೂ ಇಲ್ಲದೆ.

ನಿಮ್ಮ ತಾಲೂಕಿಗೆ ತಂಡ ಯಾವ ಮಂಗಳವಾರ ಬರುತ್ತದೆ ಅನ್ನುವುದು ಊರೂರಿಗೆ ಬೇರೆ. ನಿಮ್ಮೂರಿನ ಆಶಾ ಅಥವಾ ಉಪಕೇಂದ್ರದ ಸಿಎಚ್‌ಒ ಅವರನ್ನು ಕೇಳಿ. ಬೆಳಗ್ಗೆ ಬೇಗ ಹೋದರೆ ಚೀಟಿಗೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಆಧಾರ್ ಇಟ್ಟುಕೊಳ್ಳಿ, ಬಸ್ಸಿಗೂ ಬೇಕು. ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಬ್ಬರೇ ಹೋಗಿ, ಸಾಲಿನಲ್ಲಿ ಯಾರಾದರೂ ಸಿಗುತ್ತಾರೆ.